ಒಂದು ಗೇಟ್‌ವೇಗೆ ಉಸಿರು ಕಟ್ಟುತ್ತೆ, ಇನ್ನೊಂದು ಆಕಳಿಸ್ತಾ ಕೂತಿರುತ್ತೆ: ಮೆಶ್ ವೈಫೈ ಲೋಡ್ ಹಂಚಿಕೆ ಎಲ್ಲಿ ಕೈಕೊಟ್ಟಿದೆ ಅಂತ ಹುಡುಕೋದು

ರಾತ್ರಿ ಎಂಟೂವರೆ ಆಯ್ತು ಅಂದ್ರೆ ದೊಡ್ಡಪ್ಪನ ಫೋನ್ ಬರೋದು ಗ್ಯಾರಂಟಿ. "ಎಂತ ಮಾರಾಯ, ಮ್ಯಾಚು ಮತ್ತೆ ಸುತ್ತಕ್ಕೆ ಶುರುವಾಯ್ತು" ಅಂತ. ಸುತ್ತೋದು ಅಂದ್ರೆ ಸ್ಕ್ರೀನ್ ಮಧ್ಯ ಬರೋ ಆ ಬಫರಿಂಗ್ ಚಕ್ರ. ಅದೇ ಹೊತ್ತಲ್ಲಿ ರಸ್ತೆಮನೆ ಅಣ್ಣ ಅದೇ ಮ್ಯಾಚನ್ನ ದೊಡ್ಡ ಟೀವಿಲಿ ಒಂದು ಚೂರೂ ನಿಲ್ಲದೆ ನೋಡ್ತಿರ್ತಾನೆ, ಇಬ್ರೂ ಕೊಡೋ ತಿಂಗಳ ದುಡ್ಡು ಒಂದೇ. ಹಂಗಾಗಿ ಇದು ಬರೀ ಸ್ಪೀಡಿನ ಸಮಸ್ಯೆ ಅಲ್ಲ, ಹಂಚಿಕೆ ಜಗಳ.

ನಮ್ಮದು ಕೊಪ್ಪ ಕಡೆ, ಗುಡ್ಡಕ್ಕೊಂದು ಮನೆ. ಒಂಬತ್ತು ಮನೆ, ಜೊತೆಗೆ ಪಂಪ್‌ಹೌಸ್ ಮೇಲೊಂದು ನೀರಿನ ಟ್ಯಾಂಕ್ ಮೇಲೊಂದು ಸೇರಿ ಹನ್ನೊಂದು ನೋಡ್, ಅಂದ್ರೆ ಒಂದರಿಂದ ಇನ್ನೊಂದಕ್ಕೆ ನೆಟ್ ದಾಟಿಸೋ ರೂಟರ್, ಈ ಬಲೆಗೇ ಮೆಶ್ ಅನ್ನೋದು. ಎಲ್ಲದ್ರಲ್ಲೂ ರೂಟರ್ ಓಡಿಸೋ ಸಾಫ್ಟ್‌ವೇರ್ ಓಪನ್‌ಡಬ್ಲ್ಯೂಆರ್‌ಟಿ, ಮೆಶ್‌ಗೆ ಬ್ಯಾಟ್‌ಮ್ಯಾನ್ ಅಡ್ವಾನ್ಸ್ಡ್ (ಪ್ಯಾಕೆಟ್ ಯಾವ ದಾರೀಲಿ ಹೋಗ್ಬೇಕು ಅಂತ ಆರಿಸೋದು), ನೋಡ್‌ಗಳು ಒಂದಕ್ಕೊಂದು ಮಾತಾಡೋಕೆ 5 ಗಿಗಾಹರ್ಟ್ಸ್, ಮನೆಯೊಳಗೆ ಫೋನ್‌ಗಳಿಗೆ 2.4. ಫೈಬರ್ ಎರಡು ಕಡೆ ಬರುತ್ತೆ, ರಸ್ತೆಮನೆಗೊಂದು ದೇವಸ್ಥಾನದ ಮನೆಗೊಂದು, ಎರಡೂ 100 ಎಂಬಿಪಿಎಸ್. ಹೊರಗಿನ ಇಂಟರ್ನೆಟ್ಟಿಗೆ ಬಾಗಿಲಾಗಿರೋ ಈ ಎರಡು ರೂಟರೇ ಗೇಟ್‌ವೇ. ಒಂಬತ್ತು ಮನೆಗೆ 200 ಅಂದ್ರೆ ಧಾರಾಳ ಆಗ್ಬೇಕಿತ್ತು.

ನಾನು ಮೊದಲು ಮಾಡಿದ ದಡ್ಡತನ ಹೇಳ್ಬಿಡ್ತೀನಿ, ನೀವು ಮಾಡ್ಬೇಡಿ. ರಸ್ತೆಮನೆ ಪ್ಲಾನನ್ನ 200ಕ್ಕೆ ಏರಿಸಿದೆ. ರಸ್ತೆಮನೆ ಅಣ್ಣಂಗೆ ಖುಷಿಯಾಯ್ತು, ದೊಡ್ಡಪ್ಪನ ಚಕ್ರ ಹಂಗೇ ಸುತ್ತಿತು. ಎರಡು ತಿಂಗಳು ದಂಡ ಕಟ್ಟಿ ವಾಪಸ್ ಇಳಿಸಿದೆ.

ಮೊದಲು: ತಪ್ಪು ಲೈನಿಂದಾ, ಗಾಳಿದಾ?

ಗೇಟ್‌ವೇ ರೂಟರಿಗೇ ಕೇಬಲ್ ಹಾಕಿ ಲ್ಯಾಪ್‌ಟಾಪಿಂದ ಸ್ಪೀಡ್ ನೋಡಿ, ಬೆಳಿಗ್ಗೆ ಅಲ್ಲ, ತೊಂದ್ರೆ ಇರೋ ಹೊತ್ತಲ್ಲೇ. ನಮ್ಮಲ್ಲಿ ರಾತ್ರಿ ಒಂಬತ್ತಕ್ಕೂ 90ರ ಮೇಲೆ ಬಂತು. ಅಲ್ಲಿಗೆ ಫೈಬರ್‌ನವರ ಮೇಲಿನ ಅನುಮಾನ ಮುಗೀತು. ಆಮೇಲೆ ಒಂದೊಂದೇ ಹಾಪ್, ಅಂದ್ರೆ ಒಂದು ನೋಡಿಂದ ಮುಂದಿನದಕ್ಕೆ ಹಾರೋ ನೆಗೆತ, ಅಳೀಬೇಕು. ಬ್ಯಾಟ್‌ಮ್ಯಾನ್ ನೋಡ್ಕೊಳ್ಳೋ ಕಮಾಂಡ್ ಬ್ಯಾಟ್‌ಸಿಟಿಎಲ್‌ನಲ್ಲಿ ಟಿಪಿ ಅಂತ ಒಂದು ಥ್ರೂಪುಟ್ (ನಿಜವಾಗಿ ದಾಟೋ ವೇಗ) ಮೀಟರ್ ಇದೆ, ಒಂದು ನೋಡಿಂದ ಇನ್ನೊಂದಕ್ಕೆ ನೇರ ಅಳೀತದೆ. ಅಗ್ಗದ ರೂಟರಿನ ಸಿಪಿಯು ಅದರಲ್ಲೇ ಸುಸ್ತಾಗುತ್ತೆ, ಹಂಗಾಗಿ ಬರೋ ನಂಬರನ್ನ ದೇವರ ವಾಕ್ಯ ಅನ್ಕೋಬೇಡಿ, ಒಂದು ಲಿಂಕು ಇನ್ನೊಂದಕ್ಕಿಂತ ಎಷ್ಟು ಪಾಲು ಅಂತ ತಿಳಿಯೋಕೆ ಸಾಕು. ಎಲ್ರಿಗೂ "ನಿಮ್ಮ ಫೋನಲ್ಲಿ ಸ್ಪೀಡ್ ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ" ಅಂತ ಮಾತ್ರ ಹೇಳ್ಬೇಡಿ, ನಾನು ಹೇಳಿದ್ದೆ, ಒಂಬತ್ತು ಮನೆಯವ್ರೂ ಒಟ್ಟಿಗೇ ಟೆಸ್ಟ್ ಒತ್ತಿದ್ರು, ಊರಿನ ನೆಟ್ ಐದು ನಿಮಿಷ ಮಲಗ್ತು.

ನಮಗೆ ಸಿಕ್ಕ ಅಳತೆ ಇದು: ರಸ್ತೆಮನೆಯಿಂದ ಅಂಗಡಿಮನೆಗೆ 120 ಎಂಬಿಪಿಎಸ್, ಅಂಗಡಿಮನೆಯಿಂದ ಅತ್ತೆಮನೆಗೆ 80, ಅತ್ತೆಮನೆಯಿಂದ ಪಂಪ್‌ಹೌಸ್‌ಗೆ 15, ಪಂಪ್‌ಹೌಸಿಂದ ದೊಡ್ಡಪ್ಪನ ಮನೆಗೆ 60. ನಡುವೆ ಆ 15 ಕಣ್ಣಿಗೆ ಹೊಡೀತು, ಆದ್ರೆ ಅದರ ನಿಜವಾದ ಹಾನಿ ಎಷ್ಟು ಅಂತ ನಂಗೆ ಆಗ ಗೊತ್ತಾಗ್ಲಿಲ್ಲ. "15 ಇದ್ರೆ ಒಂದು ಮ್ಯಾಚಿಗೆ ಸಾಕಲ್ವಾ" ಅನ್ಕೊಂಡೆ.

ಎಂಬಿಪಿಎಸ್ ಬಿಡಿ, ಹೊತ್ತು ಲೆಕ್ಕ ಹಾಕಿ

ಗಾಳಿ ಒಂದೇ, ಚಾನೆಲ್ ಒಂದೇ. ಒಬ್ಬರು ಮಾತಾಡ್ತಿದ್ರೆ ಕೇಳಿಸ್ಕೊಳ್ಳೋ ಉಳಿದವರೆಲ್ಲ ಬಾಯಿ ಮುಚ್ಕೊಂಡಿರ್ಬೇಕು. ಹಂಗಾಗಿ ಹಂಚ್ಕೋಬೇಕಾದ ಮಾಲು ಮೆಗಾಬಿಟ್ ಅಲ್ಲ, ಸೆಕೆಂಡು. ದೊಡ್ಡಪ್ಪಂಗೆ 10 ಎಂಬಿಪಿಎಸ್ ಮುಟ್ಟಿಸೋಕೆ ಪ್ರತಿ ಸೆಕೆಂಡಲ್ಲಿ ಎಷ್ಟು ಪಾಲು ಗಾಳಿ ಬೇಕು? 10ನ್ನ ಒಂದೊಂದು ಹಾಪಿನ ವೇಗದಿಂದ ಭಾಗಿಸಿ ಕೂಡಿ. 120ರ ಹಾಪಿಗೆ 8 ಪರ್ಸೆಂಟ್, 80ಕ್ಕೆ 12.5, 15ಕ್ಕೆ 67, 60ಕ್ಕೆ 17. ಒಟ್ಟು 104 ಪರ್ಸೆಂಟ್. ಈ ನಾಲ್ಕೂ ಹಾಪ್ ಒಂದಕ್ಕೊಂದು ಕೇಳಿಸೋ ದೂರದಲ್ಲಿದ್ರೆ, ಊರಲ್ಲಿ ಬೇರೆ ಯಾರೂ ಫೋನ್ ಮುಟ್ಟದೇ ಇದ್ರೂ ದೊಡ್ಡಪ್ಪಂಗೆ 10 ಸಿಗಲ್ಲ. ಸಿಕ್ಕಷ್ಟು ಸಿಗೋವಾಗ ಉಳಿದ ಎಂಟು ಮನೆ ಗಾಳಿನೂ ಅವರೇ ತಿಂದಿರ್ತಾರೆ, ಪಾಪ ಅವರಿಗೇ ಗೊತ್ತಿಲ್ದಂಗೆ.

ಎಲ್ಲಾ ಹಾಪೂ ಒಂದೇ ವೇಗದ್ದು ಇದ್ರೂ ಸರಪಳಿ ಉದ್ದ ಆದಂಗೆ ಹಿಂಗೇ ಕುಸಿಯುತ್ತೆ. 2001ರಲ್ಲೇ ಎಂಐಟಿಯವರು ಇದನ್ನ ಲೆಕ್ಕ ಹಾಕಿ ತೋರಿಸಿದ್ರು, ಉದ್ದ ಸರಪಳಿಲಿ ಆದರ್ಶವಾಗಿ ರೇಡಿಯೋ ವೇಗದ ನಾಲ್ಕನೇ ಒಂದು ಪಾಲು ಸಿಗ್ಬಹುದು, ವೈಫೈ ಸರದಿ ಹಿಡಿಯೋ ಪದ್ಧತಿಲಿ ಸಿಮ್ಯುಲೇಶನ್ ಮಾಡಿದ್ರೆ ಏಳನೇ ಒಂದು ಪಾಲು ಬರುತ್ತೆ ಅಂತ. ರೂಟರ್ ಡಬ್ಬದ ಮೇಲೆ 1200 ಅಂತ ಬರೆದಿರೋದನ್ನ ನೋಡಿ ಖುಷಿ ಪಡೋಕೆ ಮುಂಚೆ ಇದು ನೆನಪಿರ್ಲಿ.

ನಿಮ್ಮಲ್ಲಿ ಗಾಳಿ ಎಷ್ಟು ತುಂಬಿದೆ ಅಂತ ನೋಡೋಕೆ ಐಡಬ್ಲ್ಯೂ ಕಮಾಂಡಿನ ಸರ್ವೆ ಡಂಪ್ ಹಾಕಿ. ನೀವಿರೋ ಚಾನೆಲಿನ ಕೆಳಗೆ ಆಕ್ಟಿವ್ ಟೈಮ್, ಬ್ಯುಸಿ ಟೈಮ್, ರಿಸೀವ್ ಟೈಮ್, ಟ್ರಾನ್ಸ್‌ಮಿಟ್ ಟೈಮ್ ಅಂತ ಮಿಲಿಸೆಕೆಂಡಲ್ಲಿ ಕೊಡುತ್ತೆ. ಇಲ್ಲಿ ಎಲ್ರೂ ಎಡವೋ ಜಾಗ ಒಂದಿದೆ: ಅವು ಕರೆಂಟ್ ಮೀಟರ್ ಥರ ಕೂಡ್ಕೊಂಡೇ ಹೋಗೋ ನಂಬರು, ಒಂದ್ಸಲ ಓದಿದ್ರೆ ಏನೂ ತಿಳಿಯಲ್ಲ. ಹತ್ತು ಸೆಕೆಂಡ್ ಬಿಟ್ಟು ಇನ್ನೊಂದ್ಸಲ ಓದಿ, ವ್ಯತ್ಯಾಸ ತೆಗೀರಿ. ಅತ್ತೆಮನೆ ನೋಡಲ್ಲಿ ರಾತ್ರಿ ಒಂಬತ್ತಕ್ಕೆ ಆಕ್ಟಿವ್ 10000 ಏರಿತ್ತು, ಬ್ಯುಸಿ 8900 ಏರಿತ್ತು. ಅಂದ್ರೆ ಹತ್ತು ಸೆಕೆಂಡಲ್ಲಿ ಒಂಬತ್ತು ಸೆಕೆಂಡ್ ಗಾಳಿ ತುಂಬಿದೆ. ಅದರಲ್ಲಿ ರಿಸೀವ್ ಮತ್ತೆ ಟ್ರಾನ್ಸ್‌ಮಿಟ್ ಸೇರಿಸಿದ್ರೆ 8300. ಹಂಗಾದ್ರೆ ಹೊರಗಿನ ಗದ್ದಲ ಅಲ್ಲ, ಎಲ್ಲಾ ವೈಫೈ ಮಾತೇ, ನಮ್ಮ ಸುತ್ತ ಬೇರೆ ನೆಟ್‌ವರ್ಕ್ ಇಲ್ಲ, ಸೋ ನಮ್ಮದೇ. ಇವೆರಡರ ಮೊತ್ತ ಬ್ಯುಸಿಗಿಂತ ತುಂಬ ಕಮ್ಮಿ ಬಂದ್ರೆ ಬೇರೆ ಏನೋ ಗದ್ದಲ ಮಾಡ್ತಿದೆ ಅಂತ, ಆಗ ಚಾನೆಲ್ ಬದಲಾಯಿಸಿ. 2018ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್ ತನಕ ಲೈಸೆನ್ಸ್ ಬೇಡ ಅಂತ ಬಿಟ್ಟಿದೆ, ಜಾಗಕ್ಕೇನೂ ಬರ ಇಲ್ಲ, ಎಲ್ರೂ 36ನೇ ಚಾನೆಲಲ್ಲೇ ಯಾಕೆ ಕೂರ್ತಾರೋ ಗೊತ್ತಿಲ್ಲ.

ಆ ದರಿದ್ರ 15ರ ಲಿಂಕನ್ನ ಮೆಶ್ ಯಾಕೆ ಆರಿಸ್ಕೊಂಡಿತ್ತು?

ನಂಗೆ ತಲೆ ಕೆಟ್ಟಿದ್ದು ಇಲ್ಲಿ. ಅತ್ತೆಮನೆಯಿಂದ ಪಂಪ್‌ಹೌಸಿಗೆ ಅಡಿಕೆ ತೋಟ ದಾಟಿ ನೇರ ಹೋಗೋ ಬದಲು ಮೇಲಿನ ನೀರಿನ ಟ್ಯಾಂಕ್ ಸುತ್ತಿ ಹೋಗ್ಬಹುದು, ಟ್ಯಾಂಕಿಗೆ 110, ಅಲ್ಲಿಂದ ಪಂಪ್‌ಹೌಸಿಗೆ 90, ಎರಡೂ ಚೆನ್ನಾಗಿ ಕಾಣೋ ಲಿಂಕು. ಟ್ಯಾಂಕ್ ಮೇಲೆ ನೋಡ್ ಇಟ್ಟಿದ್ದೇ ಅದಕ್ಕೆ. ಆದ್ರೂ ಟ್ರಾಫಿಕ್ ತೋಟದೊಳಗೇ ನುಗ್ತಿತ್ತು.

ಕಾರಣ ಬ್ಯಾಟ್‌ಮ್ಯಾನ್ ನಾಲ್ಕನೇ ಆವೃತ್ತಿಯ ಅಳತೆಗೋಲು. ಅದು ಲಿಂಕಿನ ವೇಗ ನೋಡಲ್ಲ. ಪ್ರತಿ ನೋಡು ಸೆಕೆಂಡಿಗೊಂದ್ಸಲ "ನಾನಿದೀನಿ" ಅಂತ ಒಂದು ಸಣ್ಣ ಪ್ಯಾಕೆಟ್ ಕೂಗುತ್ತೆ, ಎಷ್ಟು ಕೂಗು ಕೇಳಿಸ್ತು ಅನ್ನೋದ್ರ ಮೇಲೆ 255ಕ್ಕೆ ಮಾರ್ಕ್ಸ್, ಅದಕ್ಕೆ ಟಿಕ್ಯೂ ಅಂತಾರೆ. ಈ ಕೂಗು ಬ್ರಾಡ್‌ಕಾಸ್ಟ್ ಆಗಿ, ಅಂದ್ರೆ ಎಲ್ರಿಗೂ ಒಟ್ಟಿಗೇ, ಅತೀ ನಿಧಾನದ ರೇಟಲ್ಲಿ ಹೋಗುತ್ತೆ, ನಿಧಾನವಾಗಿ ಹೇಳಿದ್ದು ದೂರಕ್ಕೂ ಸ್ಪಷ್ಟ ಕೇಳಿಸುತ್ತೆ ಅಲ್ವಾ, ಹಂಗಾಗಿ ಸೊಕ್ಕಿ ಬೆಳೆದ ತೋಟದ ಮಧ್ಯ ಒದ್ದೆ ಎಲೆ ದಾಟಿ ಮೈನಸ್ 84 ಡಿಬಿಎಂನಷ್ಟು ಕ್ಷೀಣ ಸಿಗ್ನಲಲ್ಲೂ ಕೂಗು ಮುಟ್ತಿತ್ತು. ನೇರ ಲಿಂಕಿಗೆ ಟಿಕ್ಯೂ 230. ಟ್ಯಾಂಕ್ ದಾರಿಗೆ? ಎರಡೂ ಲಿಂಕ್ 255 ಇದ್ರೂ ಮಧ್ಯದ ಹಾಪಿಗೆ ದಂಡ ಇದೆ, ಹಾಪ್ ಪೆನಾಲ್ಟಿ ಡೀಫಾಲ್ಟ್ 30, ಹಂಗಾಗಿ ಹೆಚ್ಚೂ ಅಂದ್ರೆ 225. 230 ಗೆದ್ದಿತು, ದೊಡ್ಡಪ್ಪ ಸೋತ್ರು.

ನಿಮ್ಮಲ್ಲಿ ಇದೇನಾ ಅಂತ ನೋಡೋಕೆ ಬ್ಯಾಟ್‌ಸಿಟಿಎಲ್‌ನ ಒರಿಜಿನೇಟರ್ ಪಟ್ಟಿ (ಪ್ರತಿ ನೋಡಿನ ಟಿಕ್ಯೂ) ಒಂದು ಕಡೆ, ಐಡಬ್ಲ್ಯೂನ ಸ್ಟೇಷನ್ ಡಂಪ್ (ಪ್ರತಿ ಲಿಂಕಿನ ವೇಗ) ಇನ್ನೊಂದು ಕಡೆ ಇಟ್ಕೊಂಡು ಹೋಲಿಸಿ. ಟಿಕ್ಯೂ ಚೆನ್ನಾಗಿದ್ದು ಟಿಎಕ್ಸ್ ಬಿಟ್‌ರೇಟ್ (ಕಳಿಸೋ ವೇಗ) ನೆಲ ಕಚ್ಚಿದ್ರೆ, ಟಿಎಕ್ಸ್ ರಿಟ್ರೈಸ್ (ಮತ್ತೆ ಮತ್ತೆ ಕಳಿಸಿದ ಲೆಕ್ಕ) ದಡದಡ ಏರ್ತಿದ್ರೆ ಅದೇ ಕಳ್ಳ. ಇನ್ನೊಂದು ಇದನ್ನೇ ಹೋಲೋ ದೋಷ ಇದೆ: ಬ್ಯಾಟ್‌ಮ್ಯಾನ್ ಕೆಳಗೆ 802.11ಎಸ್ (ವೈಫೈನದೇ ಮೆಶ್ ಪದ್ಧತಿ) ಓಡಿಸೋರು ಅದರ ಸ್ವಂತ ಫಾರ್ವರ್ಡಿಂಗ್ (ಪ್ಯಾಕೆಟ್ ಮುಂದೆ ದಾಟಿಸೋದು) ಆಫ್ ಮಾಡೋಕೆ ಮರೀತಾರೆ. ಆಗ ಕೆಳಗೊಬ್ಬ ಮೇಲೊಬ್ಬ ಇಬ್ಬರು ಡ್ರೈವರು ಒಂದೇ ಬಸ್ ಓಡಿಸ್ದಂಗೆ. ಮೂರು ಗುಡ್ಡ ಆಚೆಯ ನೋಡು ಪಕ್ಕದ ಮನೆಯವರ ಥರ ನೆರೆಯವರ ಪಟ್ಟಿಲಿ ಕಾಣಿಸ್ತಿದ್ರೆ ಇದೇ ಕಾಯಿಲೆ, ಮೆಶ್ ಫಾರ್ವರ್ಡಿಂಗ್ ಸೊನ್ನೆ ಮಾಡಿ.

ಪರಿಹಾರ ಎರಡಿದೆ. ಸುಲಭದ್ದು, ಆ ಕೂಗು ಹೋಗೋ ವೇಗ, ಅಂದ್ರೆ ಮಲ್ಟಿಕಾಸ್ಟ್ ರೇಟನ್ನ 12 ಅಥವಾ 18 ಎಂಬಿಪಿಎಸ್‌ಗೆ ಏರಿಸೋದು. ಕೂಗು ಬೇಗಬೇಗ ಆಡೋ ಮಾತಿನ ವೇಗದಲ್ಲಿ ಹೋದ್ರೆ ಕಳಪೆ ಲಿಂಕಲ್ಲಿ ಕೇಳಿಸಲ್ಲ, ಟಿಕ್ಯೂ ತಾನಾಗೇ ಬೀಳುತ್ತೆ. ಸರಿಯಾದ್ದು ಅಂದ್ರೆ ಬ್ಯಾಟ್‌ಮ್ಯಾನ್ ಐದನೇ ಆವೃತ್ತಿಗೆ ಹೋಗೋದು, ಅದು ಥ್ರೂಪುಟ್ ಅಂದಾಜಿನ ಮೇಲೇ ದಾರಿ ಆರಿಸುತ್ತೆ, ಒಂದೇ ರೇಡಿಯೋದಲ್ಲಿ ಬಂದು ಅದರಲ್ಲೇ ಮುಂದೆ ಹೋದ್ರೆ ಅರ್ಧ ಮಾಡಿ ಲೆಕ್ಕ ಹಾಕುತ್ತೆ. ಟ್ಯಾಂಕ್ ದಾರಿ ಅರ್ಧ ಆದ್ರೂ 45ರ ಆಸುಪಾಸು, 15ರ ಮೂರು ಪಟ್ಟು. ಕೆಲವು ರೇಡಿಯೋ ಚಿಪ್ಪಿನ ಡ್ರೈವರ್ ಈ ಅಂದಾಜು ಕೊಡಲ್ಲ, ಆಗ ಥ್ರೂಪುಟ್ ಓವರ್‌ರೈಡಲ್ಲಿ ಕೈಯಾರೆ ನಂಬರ್ ಹಾಕ್ಬೇಕು.

ಒಂದು ಎಚ್ಚರಿಕೆ: ನಾಲ್ಕಕ್ಕೂ ಐದಕ್ಕೂ ಮಾತಿಲ್ಲ ಕತೆಯಿಲ್ಲ, ಒಂದನ್ನೊಂದು ಗುರುತೇ ಹಿಡಿಯಲ್ಲ. ತುದಿಯ ನೋಡಿಂದ ಶುರು ಮಾಡಿ ಗೇಟ್‌ವೇ ಕಡೆಗೆ ಬನ್ನಿ. ನಾನು ಅವಸರದಲ್ಲಿ ಮಧ್ಯದ ಅತ್ತೆಮನೆದನ್ನ ಮೊದಲು ಬದಲಾಯಿಸ್ಬಿಟ್ಟೆ, ಅದರಾಚೆ ಇರೋವೆಲ್ಲ ಕೈ ತಪ್ಪಿದ್ವು, ಆಮೇಲೆ ಜುಲೈ ಮಳೆಲಿ ಲ್ಯಾಪ್‌ಟಾಪನ್ನ ಪ್ಲಾಸ್ಟಿಕ್ ಕೊಟ್ಟೆಲಿ ಸುತ್ಕೊಂಡು ಪಂಪ್‌ಹೌಸಿಗೆ ಹತ್ತಿದೆ. ಇಳಿದು ಬಂದಾಗ ಕಾಲಿಂದ ಇಂಬಳ ಹದಿಮೂರು ಕಿತ್ತೆ, ಅತ್ತೆ ಎಣಿಸಿದ್ರು.

ಈಗ ಅದೇ ಗಾಳಿ ಲೆಕ್ಕ ಮತ್ತೆ ಹಾಕಿ. 8, 12.5, ಟ್ಯಾಂಕಿನ ಎರಡು ಹಾಪಿಗೆ 9 ಮತ್ತೆ 11, ಕೊನೇದು 17. ಒಟ್ಟು 58 ಪರ್ಸೆಂಟ್. ಹಾಪ್ ನಾಲ್ಕಿದ್ದದ್ದು ಐದಾಯ್ತು, ಖರ್ಚಾಗೋ ಗಾಳಿ ಹೆಚ್ಚುಕಮ್ಮಿ ಅರ್ಧಕ್ಕಿಳೀತು. ಹಾಪ್ ಕಮ್ಮಿ ಇದ್ರೆ ಒಳ್ಳೇದು ಅನ್ನೋರಿಗೆ ಈ ಲೆಕ್ಕ ತೋರಿಸಿ.

ಹತ್ತಿರದವರು ದೂರದವರನ್ನ ನುಂಗೋದು

ದಾರಿ ಸರಿ ಆದ್ಮೇಲೂ ದೊಡ್ಡಪ್ಪಂಗೆ ಸಿಗ್ತಿದ್ದದ್ದು ಅಂಗಡಿಮನೆಯವರ ಕಾಲು ಭಾಗ. ಕಾಲುವೆ ನೀರಿನ ಕತೆ ಗೊತ್ತಲ್ಲ, ತುಂಗಭದ್ರಾ ಎಡದಂಡೆ ಕಾಲುವೆ ಮೇಲಿನವರ ಗದ್ದೆ ತುಂಬಿ ಹರೀತದೆ, ಕೊನೆ ಭಾಗದವರು ಪ್ರತಿಭಟನೆಗೆ ಕೂರ್ತಾರೆ, ಡಿಟ್ಟೋ. ಗೇಟ್‌ವೇ ಪಕ್ಕದವರ ಪ್ಯಾಕೆಟ್ ಒಂದೇ ನೆಗೆತಕ್ಕೆ ಮುಟ್ಟುತ್ತೆ, ದೂರದ್ದು ಪ್ರತಿ ಹಾಪಲ್ಲೂ ಕ್ಯೂ ನಿಲ್ಬೇಕು, ಅಲ್ಲಲ್ಲಿ ಬಿದ್ದುಹೋಗುತ್ತೆ, ಹೋಗಿಬರೋ ಹೊತ್ತು ಜಾಸ್ತಿ ಆದಷ್ಟೂ ಕಳಿಸೋ ವೇಗ ನಿರ್ಧರಿಸೋ ಟಿಸಿಪಿ ತಾನೇ ಹಿಂಜರಿಯುತ್ತೆ.

ಇದಕ್ಕೆ ಗೇಟ್‌ವೇಲಿ ಕೇಕ್ ಹಾಕಿದೆ. ತಿನ್ನೋದಲ್ಲ, ಲಿನಕ್ಸ್ ಕರ್ನಲ್ 4.19ರಿಂದ, ಅಂದ್ರೆ 2018ರಿಂದ ಜೊತೆಗೇ ಬರೋ ಕ್ಯೂ ನಿರ್ವಹಣೆ. ಹೋಸ್ಟ್ (ಒಂದೊಂದು ಅಡ್ರೆಸ್) ಲೆಕ್ಕದಲ್ಲಿ ಸಮಪಾಲು ಮಾಡುತ್ತೆ. ಆದ್ರೆ ಒಂದು ಮನೇಲಿ ಹತ್ತು ಫೋನ್ ಇದ್ರೆ ಹತ್ತು ಪಾಲು ಹೋಗ್ಬಾರ್ದಲ್ಲ, ಅದಕ್ಕೆ ಪ್ರತಿ ಮನೆ ರೂಟರಲ್ಲಿ ನ್ಯಾಟ್ (ಮನೆಯ ಎಲ್ಲಾ ಫೋನನ್ನ ಒಂದೇ ಅಡ್ರೆಸಿನ ಹಿಂದೆ ಇಡೋದು) ಇರ್ಲಿ, ಆಗ ಗೇಟ್‌ವೇಗೆ ಒಂದು ಮನೆ ಒಂದು ಹೋಸ್ಟ್.

ಮೊದಲು ಮಿತಿ 95 ಕೊಟ್ಟೆ, ಫೈಬರಿಗಿಂತ ಸ್ವಲ್ಪ ಕಮ್ಮಿ, ಎಲ್ಲಾ ಕಡೆ ಹೇಳೋದು ಹಂಗೇ. ಏನೂ ಆಗ್ಲಿಲ್ಲ. ಯಾಕಂದ್ರೆ ಇಕ್ಕಟ್ಟಾದ ಗಂಟಲು ಇರೋದು ಫೈಬರಲ್ಲಿ ಅಲ್ಲ, ಗಾಳೀಲಿ. ಕ್ಯೂ ಎಲ್ಲಿ ಬೆಳೀತದೋ ಅಲ್ಲಿ ನಿಂತು ಹಂಚಿದ್ರೆ ಮಾತ್ರ ನ್ಯಾಯ, 95ರಲ್ಲಿ ಕೇಕಿನ ಮುಂದೆ ಕ್ಯೂನೇ ಬೆಳೀತಿರ್ಲಿಲ್ಲ, ಹಂಚೋದೇನು. 45ಕ್ಕೆ ಇಳಿಸಿದ ದಿನ ದೊಡ್ಡಪ್ಪನ ಫೋನ್ ಬರ್ಲಿಲ್ಲ. ರಸ್ತೆಮನೆ ಅಣ್ಣಂದು ಬಂತು. "ಏನೋ ತಮ್ಮ, 100ಕ್ಕೆ ದುಡ್ಡು ಕಟ್ಟಿ 45ಕ್ಕೆ ಕಟ್ಟಾಕಿದೀಯಲ್ಲೋ." ಅವನ ಮನೆ ಲೈನನ್ನ ಕೇಬಲಿಂದ ನೇರ ಬಿಟ್ಟೆ, ಮಿತಿ ಮೆಶ್ ಕಡೆಗೆ ಮಾತ್ರ. ಗಾಳಿ ಬಳಸ್ದೇ ಇರೋನ ಮೇಲೆ ಗಾಳಿ ರೇಷನ್ ಯಾಕೆ, ಅವನು ಕೇಳಿದ್ದು ಸರಿನೇ.

ರೇಷನ್ ಅಂದಾಗ ನೆನಪಾಯ್ತು, ಮನೆಯೊಳಗಿನ 2.4ರಲ್ಲೂ ಇದೇ ಥರದ ಒಂದು ಅನ್ಯಾಯ ಇರುತ್ತೆ. ವೈಫೈ ಎಲ್ರಿಗೂ ಸಮ ಸರದಿ ಕೊಡುತ್ತೆ, ಸಮ ಹೊತ್ತು ಅಲ್ಲ. ರೇಷನ್ ಅಂಗಡೀಲಿ ಒಬ್ಬೊಬ್ರಿಗೆ ಒಂದೊಂದೇ ಸರದಿ, ಆದ್ರೆ ಅಜ್ಜಿ ಒಬ್ರ ಹೆಬ್ಬೆಟ್ಟನ್ನ ಮಷಿನ್ ತಗೊಳ್ದೇ ಹೋದ್ರೆ ಇಡೀ ಕ್ಯೂ ನಿಲ್ಲುತ್ತಲ್ಲ, ಹಂಗೆ ಕೊಟ್ಟಿಗೆ ಮೂಲೆಲಿರೋ ಹಳೇ ಫೋನ್ 1 ಎಂಬಿಪಿಎಸಲ್ಲಿ ತೆವಳಿದ್ರೆ ಮನೆಯವರೆಲ್ಲ ಅದರ ವೇಗಕ್ಕೇ ಇಳೀತಾರೆ. 2003ರಲ್ಲೇ ಫ್ರಾನ್ಸಿನ ಸಂಶೋಧಕರು ಇದನ್ನ ಬರೆದಿಟ್ಟಿದ್ರು, ಲಿನಕ್ಸಿನ ಎಟಿಎಚ್9ಕೆ ಅನ್ನೋ ವೈಫೈ ಚಿಪ್ ಡ್ರೈವರಿಗೆ ಹೊತ್ತು ಸಮ ಹಂಚೋ ವ್ಯವಸ್ಥೆ ಬರೋಕೆ 2017 ಆಯ್ತು. ಸುಲಭ ಮದ್ದು, ಹಳೇ ನಿಧಾನ ವೈಫೈ ಆದ 802.11ಬಿ ರೇಟ್‌ಗಳನ್ನ ಆಫ್ ಮಾಡೋದು.

ಕೊನೆಗೆ ಆ ಎರಡು ಗೇಟ್‌ವೇ ವಿಷಯ

ಬ್ಯಾಟ್‌ಸಿಟಿಎಲ್‌ನ ಗೇಟ್‌ವೇ ಪಟ್ಟಿನ ಪ್ರತಿ ಮನೇಲೂ ತೆಗೆದು ನೋಡಿ, ಯಾವುದನ್ನ ಆರಿಸ್ಕೊಂಡಿದೆ ಅದರ ಮುಂದೆ ಗುರುತು ಇರುತ್ತೆ. ನಮ್ಮಲ್ಲಿ ಏಳು ಮನೆ ರಸ್ತೆಮನೆ ಕಡೆ, ಎರಡು ದೇವಸ್ಥಾನದ ಕಡೆ. ಗೇಟ್‌ವೇ ಎಷ್ಟು ಸುಸ್ತಾಗಿದೆ ಅಂತ ಬ್ಯಾಟ್‌ಮ್ಯಾನ್ ನೋಡೋದೇ ಇಲ್ಲ ಅನ್ನೋದು ಇಲ್ಲಿ ಗೊತ್ತಿರ್ಬೇಕು. ಗೇಟ್‌ವೇ ಸಾರೋ ಬ್ಯಾಂಡ್‌ವಿಡ್ತ್ ನೀವು ಬರೆದಿಟ್ಟ ನಂಬರು, ಈ ಕ್ಷಣ ಉಳಿದಿರೋದಲ್ಲ. ನೋಡ್ಬೇಕಿತ್ತಲ್ವಾ ಅಂತ ನಂಗೂ ಸಿಟ್ಟು ಬಂದಿತ್ತು, ಆದ್ರೆ ಲೋಡ್ ನೋಡಿ ದಾರಿ ಬದಲಿಸೋದು ಬೇರೆ ಗೋಳು. 1979ರಿಂದ ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್ ತಡ ಅಳೆದು ದಾರಿ ಆರಿಸ್ತಿತ್ತು, ಲೋಡ್ ಜಾಸ್ತಿ ಆದಾಗ ಎಲ್ಲಾ ಟ್ರಾಫಿಕ್ ಖಾಲಿ ಲಿಂಕಿಗೆ ಒಟ್ಟಿಗೇ ನುಗ್ಗೋದು, ಅದು ತುಂಬಿದ್ಮೇಲೆ ಎಲ್ಲಾ ವಾಪಸ್ ಇತ್ತ ಓಡೋದು, ಉಯ್ಯಾಲೆ ಥರ, 1987ರಲ್ಲಿ ಆ ಲೆಕ್ಕಾಚಾರನೇ ತಿದ್ದಿದ್ರು.

ಐದನೇ ಆವೃತ್ತಿಗೆ ಹೋದ್ಮೇಲೆ ನಮ್ಮಲ್ಲಿ ಇದು ಇನ್ನೂ ಹದಗೆಟ್ತು. ಒಂದ್ಸಲ ಕರೆಂಟ್ ಹೋಗಿ ಬಂತು, ನೋಡಿದ್ರೆ ಒಂಬತ್ತಕ್ಕೆ ಒಂಬತ್ತೂ ರಸ್ತೆಮನೆಗೆ ಜೋತುಬಿದ್ದಿವೆ, ದೇವಸ್ಥಾನದ ಮನೆದೂ ಎದ್ದಿದೆ, ಯಾರೂ ಅತ್ತ ಹೋಗ್ತಿಲ್ಲ. ಎರಡು ರಾತ್ರಿ ತಲೆ ಕೆರ್ಕೊಂಡೆ. ಕಾರಣ ಇಷ್ಟೇ: ಗೇಟ್‌ವೇ ಬ್ಯಾಂಡ್‌ವಿಡ್ತ್ ನಾನು ಬರೆದೇ ಇರ್ಲಿಲ್ಲ, ಡೀಫಾಲ್ಟ್ ಡೌನ್‌ಲೋಡಿಗೆ 10, ಅಪ್‌ಲೋಡಿಗೆ 2 ಎಂಬಿಪಿಎಸ್. ನಾಲ್ಕನೇ ಆವೃತ್ತಿಲಿ ನನ್ನ ಸೆಟ್ಟಿಂಗಿಗೆ ಅದು ಲೆಕ್ಕಕ್ಕೇ ಬರ್ತಿರ್ಲಿಲ್ಲ, ಟಿಕ್ಯೂ ಮಾತ್ರ. ಐದರಲ್ಲಿ ದಾರಿಯ ಥ್ರೂಪುಟ್ ಮತ್ತೆ ಗೇಟ್‌ವೇ ಸಾರಿದ ನಂಬರ್, ಎರಡರಲ್ಲಿ ಯಾವುದು ಚಿಕ್ಕದೋ ಅದೇ ಮಾರ್ಕ್ಸ್. ಎರಡೂ ಗೇಟ್‌ವೇ 10 ಅಂತ ಸಾರಿದ್ರೆ ಎಲ್ರಿಗೂ ಎರಡೂ 10, ಇನ್ನೊಂದು 5 ಎಂಬಿಪಿಎಸ್ ಆದ್ರೂ ಮೇಲಿದ್ರೆ ಮಾತ್ರ ಬದಲಾಗೋದು, ಯಾವತ್ತೂ ಇರಲ್ಲ. ರಸ್ತೆಮನೆಗೆ ಇನ್ವರ್ಟರ್ ಇದೆ, ದೇವಸ್ಥಾನದ ಮನೆಗಿಲ್ಲ. ಯಾವುದು ಮೊದಲು ಕಂಡಿತೋ ಅದಕ್ಕೇ ಅಂಟ್ಕೊಂಡು ಕೂತವು.

ಆಮೇಲೆ ಬೇಕಂತಲೇ ರಸ್ತೆಮನೆದು 40, ದೇವಸ್ಥಾನದ್ದು 100 ಅಂತ ಸಾರಿಸಿದೆ. ಬದಲಾಯಿಸಿ ಹತ್ತು ನಿಮಿಷ ಕಾದೆ, ಒಂದು ಗಂಟೆ ಕಾದೆ, ಏನೂ ಇಲ್ಲ. ಗೇಟ್‌ವೇ ಬದಲಾವಣೆ ಮನೆಗಳಿಗೆ ಮುಟ್ಟೋದು ಅಡ್ರೆಸ್ ಹಂಚೋ ಡಿಎಚ್‌ಸಿಪಿ ಮೂಲಕ, ಓಪನ್‌ಡಬ್ಲ್ಯೂಆರ್‌ಟಿಲಿ ಲೀಸ್ (ಅಡ್ರೆಸಿನ ಅವಧಿ) ಡೀಫಾಲ್ಟ್ 12 ಗಂಟೆ, ಅರ್ಧ ಮುಗಿದ್ಮೇಲೆ ತಾನೇ ನವೀಕರಣ ಕೇಳೋದು, ಅಂದ್ರೆ ಆರು ಗಂಟೆ. ಪಟ್ಟಿಲಿ ಗುರುತು ಬದಲಾಗಿರುತ್ತೆ, ಮನೆ ಹಳೇ ಗೇಟ್‌ವೇಗೇ ಕಳಿಸ್ತಿರುತ್ತೆ. ಟೆಸ್ಟ್ ಮಾಡೋ ಹೊತ್ತಿಗೆ ಲೀಸನ್ನ 10 ನಿಮಿಷಕ್ಕೆ ಇಳಿಸ್ಕೊಳ್ಳಿ, ಎರಡೂ ಗೇಟ್‌ವೇ ಹಂಚೋ ಅಡ್ರೆಸ್ ವ್ಯಾಪ್ತಿ ಒಂದರ ಮೇಲೊಂದು ಬೀಳದಂಗೆ ನೋಡ್ಕೊಳ್ಳಿ.

ಬೆಳಿಗ್ಗೆ ಎದ್ದು ನೋಡಿದಾಗ ನಾಲ್ಕು ಮನೆ ಇತ್ತ, ಐದು ಅತ್ತ. ರಾತ್ರಿ ಒಂಬತ್ತಕ್ಕೆ ಅತ್ತೆಮನೇಲಿ ಬ್ಯುಸಿ 10000ಕ್ಕೆ 6100. ದೇವಸ್ಥಾನದ ಮನೆಗೊಂದು ಸಣ್ಣ ಯುಪಿಎಸ್ ತರ್ಬೇಕು, ಪಟ್ಟಿ ಕೊಟ್ಟಿದೀನಿ, ದುಡ್ಡು ಒಂಬತ್ತು ಮನೆ ಸಮ ಹಾಕೋದಾ ಇಲ್ಲ ಅತ್ತ ಹೋದ ಐದು ಮನೆಯವರೇ ಹಾಕೋದಾ ಅಂತ ಈಗ ಜಗಳ ನಡೀತಿದೆ.